ಸ್ಪಿರಿಟ್ ಕಾಯಿಸುವವನ ಮೀಸಲು ಗಡಿಗೆ

ತುಗ್ಗಲಿಹಟ್ಟಿಯ ತಿಪ್ಪಯ್ಯ ಸುಗ್ಗಿ ಮುಗಿದ ಮೇಲೆ ಮುನ್ನೂರು ಕುರಿ ಹೊಡೆದುಕೊಂಡು ಬಂದು ನಮ್ಮ ಹೊಲದಲ್ಲಿ ಮಂದೆ ನಿಲ್ಲಿಸುತ್ತಿದ್ದ. ಕುರಿ ಮಲಗಿದ ನೆಲಕ್ಕೆ ಆ ವರ್ಷ ಬೇರೆ ಗೊಬ್ಬರ ಬೇಕಾಗುತ್ತಿರಲಿಲ್ಲ. ಮಂದೆ ಇರುವಷ್ಟು ದಿನ ಅವನಿಗೆ ಬುತ್ತಿ ಕಳಿಸುವುದು ನನ್ನ ಪಾಲಿನ ಕೆಲಸ. ಆ ಬಳಕೆಯಿಂದಲೇ ಅವನ ಮಗ ಜುಂಜಯ್ಯ, ಸೊಸೆ ಗಂಗಕ್ಕ ನನಗೆ ಮನೆಯವರಂತಾದರು. ಇಲ್ಲಿ ಬರೆಯುತ್ತಿರುವುದರಲ್ಲಿ ಅರ್ಧ ಗಂಗಕ್ಕ ಹೇಳಿದ್ದು. ಸ್ವಲ್ಪ ಜುಂಜಯ್ಯನ ಬಾಯಿಂದ ಬಂದದ್ದು. ಅವನು ಮಾತಿನವನಲ್ಲ, ಕಾಯಬೇಕು. ಉಳಿದದ್ದು ನಾನೇ ಕುಳಿತು ಕಂಡದ್ದು.

ಜುಂಜಯ್ಯನಿಗೆ ಈಗ ನಲವತ್ತೊಂಬತ್ತು. ಹಿರಿಯೂರಿನ ಕಡೆ ಹೆದ್ದಾರಿಯ ಪಕ್ಕದಲ್ಲಿರುವ ಸ್ಪಿರಿಟ್ ಕಾರ್ಖಾನೆಯಲ್ಲಿ ಆಪರೇಟರ್. ನಮ್ಮ ಸುತ್ತಿನ ಮೆಕ್ಕೆಜೋಳವೆಲ್ಲ ಲಾರಿಯಲ್ಲಿ ಅಲ್ಲಿಗೇ ಹೋಗುತ್ತದೆ. ಹನ್ನೆರಡು ವರ್ಷದ ಹಿಂದೆ ಕಟ್ಟಡ ಏಳುವಾಗ ಅವನು ಸಿಮೆಂಟು ಕಾಯಲು ಸೇರಿದವನು. ಓದಿದ್ದು ಏಳನೇ ತರಗತಿ. ಯಂತ್ರಗಳೆಲ್ಲ ನಿಂತು ಉಗಿ ಬಿಟ್ಟ ಮೊದಲ ವಾರ, ಒಂದು ಮಧ್ಯಾಹ್ನ, ಅವನು ಶಿಫ್ಟಿನ ಮೇಲ್ವಿಚಾರಕ ಪ್ರಭುಲಿಂಗರ ಹತ್ತಿರ ಹೋಗಿ, "ಸಾರ್, ಆ ದೊಡ್ಡ ಕಂಬ ಸರಿಯಾಗಿ ಉಸಿರಾಡ್ತಿಲ್ಲ" ಎಂದನಂತೆ. ಪ್ರಭುಲಿಂಗ ನಕ್ಕರು. ಅರ್ಧ ಗಂಟೆಯಲ್ಲಿ ಸ್ಪಿರಿಟ್ ಕಾಯಿಸುವ ಆ ಉಕ್ಕಿನ ಕಂಬದ ಒಳಗಿನ ತಟ್ಟೆಗಳು ಕಟ್ಟಿಕೊಂಡು ಇಡೀ ಸಾಲು ನಿಲ್ಲಿಸಬೇಕಾಯಿತು.

"ನಿಂಗೆ ಹೆಂಗೆ ಗೊತ್ತಾಯ್ತಯ್ಯಾ?"

"ಮಂದೇಲಿ ಯಾವ ಕುರಿ ಕೆಮ್ತು ಅಂತ ಮಲಗಿದ್ದಲ್ಲೇ ಗೊತ್ತಾಗ್ತೈತಲ್ಲ ಸಾರ್, ಹಂಗೇ."

ಮಾರನೆಯ ದಿನದಿಂದ ಪ್ರಭುಲಿಂಗ ಅವನನ್ನು ಕಂಬದ ಪಕ್ಕದಲ್ಲೇ ನಿಲ್ಲಿಸಿಕೊಂಡರು. ಕೆಲಸ ಕಲಿಯಲು ನಾಲ್ಕು ವರ್ಷ ಬೇಕಾಯಿತು. ಇಂಗ್ಲಿಷಿನ ಹೆಸರುಗಳನ್ನು ಕನ್ನಡದಲ್ಲಿ ಬರೆದುಕೊಂಡು, ಬೀಡಾ ಕಟ್ಟುವ ಕಾಗದದಷ್ಟು ಸಣ್ಣ ಚೀಟಿಗಳಲ್ಲಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದ. ಗಂಗಕ್ಕ ಬಟ್ಟೆ ಒಗೆಯುವಾಗ ಎಷ್ಟೋ ಚೀಟಿ ಮುದ್ದೆಯಾಗಿ ಹೋದವು. "ನೆನೆದದ್ದೆಲ್ಲ ಅವರ ತಲೇಲಿ ಉಳೀತು ಬಿಡಕ್ಕ" ಎಂದು ಅವಳು ನಗುತ್ತಾಳೆ.

ಒಮ್ಮೆ ನಾನು ಸುಮ್ಮನೆ ಕೇಳಿದೆ, ಜೋಳದಿಂದ ಸ್ಪಿರಿಟ್ ಹೇಗೆ ಬರುತ್ತದೆ ಎಂದು. ಅವನ ಕಣ್ಣು ಅರಳಿತು. ಮಾತಾಡದವನು ಮುಕ್ಕಾಲು ಗಂಟೆ ಮಾತಾಡಿದ.

ಜೋಳವನ್ನು ಹಿಟ್ಟು ಮಾಡಿ, ನೀರಿನಲ್ಲಿ ಕಲಸಿ, ಅಂಬಲಿಯಂತೆ ಬೇಯಿಸುತ್ತಾರೆ. ಅದಕ್ಕೊಂದು ಮದ್ದು ಹಾಕಿದರೆ ಹಿಟ್ಟು ಸಕ್ಕರೆಯಾಗಿ ಸಿಹಿ ಬರುತ್ತದೆ. ಆಮೇಲೆ ಯೀಸ್ಟ್ ಬಿಟ್ಟು, ಮನೆಯಷ್ಟು ಎತ್ತರದ ತೊಟ್ಟಿಗಳಲ್ಲಿ ಎರಡೂವರೆ ದಿನ ಹುಳಿ ಬರಿಸುತ್ತಾರೆ. ನಾವು ದೋಸೆ ಹಿಟ್ಟು ಉಬ್ಬಿಸುವಂತೆಯೇ. ಆದರೆ ಅಲ್ಲಿ ಹಿಟ್ಟು ಕುದಿಯುವ ಸದ್ದು ಕೇಳುತ್ತದಂತೆ. ಹೀಗೆ ಹುಳಿ ಬಂದ ನೂರು ಕೊಡದಲ್ಲಿ ಹತ್ತು ಹನ್ನೆರಡು ಕೊಡದಷ್ಟು ಮಾತ್ರ ಸ್ಪಿರಿಟ್, ಮಿಕ್ಕಿದ್ದು ನೀರು ಮತ್ತು ಹಿಟ್ಟು. ಅದನ್ನು ಕಂಬದಲ್ಲಿ ಕಾಯಿಸುತ್ತಾರೆ. ನೀರು ಕುದಿಯುವುದು ನೂರು ಡಿಗ್ರಿಗೆ, ಸ್ಪಿರಿಟ್ ಎಪ್ಪತ್ತೆಂಟಕ್ಕೇ ಆವಿಯಾಗಿ ಮೇಲೇಳುತ್ತದೆ. ಕಂಬದ ನೆತ್ತಿಯ ಶಾಖ ಅಲ್ಲಿಂದ ಜಾರದಂತೆ ನೋಡಿಕೊಳ್ಳುವುದೇ ಜುಂಜಯ್ಯನ ಕೆಲಸ. ಸ್ವಲ್ಪ ಏರಿದರೆ ನೀರು ಸೇರಿತೆಂದು ಅರ್ಥ.

"ಆದ್ರೆ ಕೊನೇ ಐದು ಪಾಲು ನೀರು ಐತಲ್ಲಕ್ಕ, ಅದು ಎಷ್ಟು ಸಲ ಕಾಯಿಸಿದ್ರೂ ಬಿಡಾಕಿಲ್ಲ. ಸ್ಪಿರಿಟ್ಟಿನ ಕೈ ಹಿಡ್ಕಂಡು ಜತೇಗೇ ಮ್ಯಾಲೇಳ್ತೈತೆ. ಪೆಟ್ರೋಲಿಗೆ ಆ ನೀರು ಇರಂಗಿಲ್ಲ. ಅದ್ಕೆ ಮುತ್ತಿನಂಥ ಕಾಳು ತುಂಬಿದ ಇನ್ನೊಂದು ಕಂಬಕ್ಕೆ ಆವಿ ಬಿಡ್ತೀವಿ. ಆ ಕಾಳು ನೀರು ಮಾತ್ರ ಹಿಡ್ಕಂತಾವೆ, ಸ್ಪಿರಿಟ್ಟನ್ನ ಬಿಡ್ತಾವೆ. ಯಾರು ಕಂಡುಹಿಡಿದ್ರೋ ಪುಣ್ಯಾತ್ಮರು!"

ಸೋಸಿ ಉಳಿದ ಗಸಿಯನ್ನು ಒಣಗಿಸಿ ದನಕ್ಕೆ, ಕೋಳಿಗೆ ಮೇವಾಗಿ ಮಾರುತ್ತಾರೆ. ಅವನ ತಮ್ಮನ ಕುರಿಗಳೂ ಅದನ್ನು ತಿಂದು ಮೈ ತುಂಬಿಕೊಂಡಿವೆ.

ಕೊರೊನಾ ಬಂದ ವರ್ಷ ಈ ಕಾರ್ಖಾನೆಯಿಂದಲೇ ಆಸ್ಪತ್ರೆಗಳಿಗೆ ಕೈ ತೊಳೆಯುವ ದ್ರಾವಣಕ್ಕೆ ಸ್ಪಿರಿಟ್ ಹೋಯಿತು. ಆಗ ನಡೆದದ್ದನ್ನು ಪ್ರಭುಲಿಂಗ ನನ್ನೆದುರೇ ಹೇಳಿದ್ದಾರೆ. ಸ್ಪಿರಿಟ್ ತುಂಬಿಕೊಳ್ಳಲು ಒಂದು ಟ್ಯಾಂಕರ್ ಬಂತು, ತುರ್ತು ಎಂದರು. ಜುಂಜಯ್ಯ ಅದರ ತಳದ ನಲ್ಲಿ ತಿರುಗಿಸಿ, ಹಿಂದಿನ ಲೋಡಿನಲ್ಲಿ ಉಳಿದಿದ್ದ ಒಂದು ಲೋಟದಷ್ಟನ್ನು ಹಿಡಿದುಕೊಂಡ. "ಏ ಕುರಿಯೋನೇ, ಅದೂ ಸ್ಪಿರಿಟ್ಟೇ ಕಣಯ್ಯ, ಮೂಗಿಲ್ವೇನು ನಿಂಗೆ?" ಎಂದು ಡ್ರೈವರ್ ರೇಗಿದ. ಮೂಗಿಗೆ ಎರಡೂ ಒಂದೇ, ಬಣ್ಣವೂ ಒಂದೇ. ಲ್ಯಾಬಿನ ರೋಜಾ ಮೇಡಂ ಅದನ್ನು ಗಾಜಿನ ಬುರುಡೆಯಲ್ಲಿ ಕಾಯಿಸಿದಾಗ ಅರವತ್ತೈದಕ್ಕೇ ಆವಿಯಾಗತೊಡಗಿತು. ಅದು ಮೆಥನಾಲ್. ಬಣ್ಣಕ್ಕೆ, ಪ್ಲೈವುಡ್ಡಿನ ಅಂಟಿಗೆ ಹೋಗುವಂಥದ್ದು. ಹೊಟ್ಟೆಗೆ ಸೇರಿದರೆ ಕಣ್ಣು ಕಳೆಯುತ್ತದೆ, ಜೀವವನ್ನೂ ತೆಗೆಯುತ್ತದೆ. ಟ್ಯಾಂಕರ್ ತುಂಬಿಕೊಳ್ಳದೆ ಬಂದ ದಾರಿಯಲ್ಲೇ ಹೋಯಿತು.

"ಇವೆಲ್ಲ ಒಂದೇ ಬೆಡಗಿನವು ಅಕ್ಕ" ಎಂದು ಜುಂಜಯ್ಯ ನನಗೆ ವಿವರಿಸಿದ. ಬೆಡಗು ಎಂದರೆ ಅವರಲ್ಲಿ ಕುಲದ ಕವಲು. "ಮೆಥನಾಲ್ ಹಿರಿಯೋನು, ಕೇಡಿಗ. ನಮ್ಮದು ಎಥನಾಲ್, ಎರಡ್ನೇದು. ಡಾಕ್ಟ್ರು ಸೂಜಿ ಚುಚ್ಚೋ ಮೊದ್ಲು ಒರೆಸ್ತಾರಲ್ಲ, ಅದು ಕೆಲವು ಕಡೆ ಮೂರನೇದು. ಟ್ರ್ಯಾಕ್ಟರ್ ರೇಡಿಯೇಟರಿಗೆ ಹಾಕೋ ಕೂಲಂಟು ದಾಯಾದಿ; ಸಿಹಿಯಾಗಿರ್ತೈತೆ, ಅದೂ ವಿಷ. ಮಕ ನೋಡಿದ್ರೆ ಎಲ್ಲಾ ಒಂದೇ ಥರ. ಗುಣ ನೋಡ್ಬೇಕು."

ಹನ್ನೆರಡು ವರ್ಷ ಸ್ಪಿರಿಟ್ಟಿನ ಮಧ್ಯೆ ಇದ್ದರೂ ಅವನು ಒಂದು ತೊಟ್ಟು ನಾಲಿಗೆಗೆ ಮುಟ್ಟಿಸಿದವನಲ್ಲ. ಜೊತೆಯವರು ಕೆಣಕಿದರೆ, "ಪೆಟ್ರೋಲ್ ಬಂಕಿನೋನು ಪೆಟ್ರೋಲ್ ಕುಡೀತಾನೇನಲೇ?" ಎಂದು ಸುಮ್ಮನಾಗುತ್ತಾನೆ.

ತುಗ್ಗಲಿಹಟ್ಟಿಯ ಸುತ್ತ ಈಗಲೂ ಮುಳ್ಳಿನ ಬೇಲಿಯಿದೆ. ಆ ಬೇಲಿಯೊಳಗೆ ಹೆಂಡ ಸಾರಾಯಿ ಬರುವಂತಿಲ್ಲ, ಕುಡಿದವರೂ ಬರುವಂತಿಲ್ಲ. ನಡುವೆ ದೇವರ ಗುಡಿ. ಪ್ರತಿ ಸೋಮವಾರ ಒಂದು ಮನೆಯಿಂದ ಆ ದಿನದ ಮೊದಲ ಹಾಲು, ಯಾರೂ ಮುಟ್ಟದ ಮೀಸಲು ಹಾಲು, ಮಣ್ಣಿನ ಗಡಿಗೆಯಲ್ಲಿ ಗುಡಿಗೆ ಹೋಗಬೇಕು. ನಾಲ್ಕು ತಲೆಮಾರಿನಿಂದ ಅದು ತಿಪ್ಪಯ್ಯನ ಮನೆತನದ ಸೇವೆ. ಜ್ವರವಿದ್ದ ದಿನವೂ ತಿಪ್ಪಯ್ಯ ತಪ್ಪಿಸಿದ್ದಿಲ್ಲ. ಹೋದ ಕಾರ್ತಿಕದಲ್ಲಿ ಅವನು ತೀರಿಕೊಂಡ. ಸೂತಕ ಕಳೆಯಿತು. ಹಿರಿಮಗ ಜುಂಜಯ್ಯ ಗಡಿಗೆ ಎತ್ತಬೇಕು.

ಹಟ್ಟಿಯ ಯಜಮಾನ ಕಾಟಲಿಂಗಪ್ಪ ತಡೆದ. ವರಸೆಯಲ್ಲಿ ಜುಂಜಯ್ಯನಿಗೆ ದೊಡ್ಡಪ್ಪ, ಎಂಬತ್ತರ ಹತ್ತಿರದ ಮನುಷ್ಯ. ಕೆಟ್ಟವನಲ್ಲ, ನೇಮದವನು. ಮನೆಗೇ ಬಂದು ಜಗಲಿಯ ಮೇಲೆ ಕುಳಿತು ಹೇಳಿದ.

"ಲೇ ಜುಂಜ, ನೀನು ಕುಡಿಯೋನಲ್ಲ. ಅದು ನಂಗೂ ಗೊತ್ತು, ಹಟ್ಟಿಗೂ ಗೊತ್ತು. ಆದ್ರೆ ನೀನು ಕಾಯ್ಸೋದು ಎಲ್ಲಿಗೆ ಹೋಗ್ತೈತೆ? ಒಂದು ತೊಟ್ಟೂ ಮನುಷ್ಯರ ಬಾಯಿಗೆ ಹೋಗಲ್ಲ ಅಂತ ಬರೋ ಸೋಮಾರ ದೇವರ ಮುಂದೆ ಆಣೆ ಮಾಡು. ಗಡಿಗೆ ನಿಂದು. ಇಲ್ಲಾಂದ್ರೆ ನಿನ್ ತಮ್ಮ ಮಂಜಣ್ಣ ಎತ್ಲಿ."

ಯಜಮಾನ ಅತ್ತ ಹೋದ ಮೇಲೆ ಗಂಗಕ್ಕ ಗಂಡನನ್ನು ಹಿಡಿದುಕೊಂಡಳು. "ಆಣೆ ಮಾಡಿಬಿಡ್ರಿ. ಪೆಟ್ರೋಲಿಗೆ ಹೋಗ್ತೈತೆ ಅಂತ ನೀವೇ ಹೇಳಿರಲ್ಲ."

"ಹೇಳಿದ್ದು ನಿಂಗೆ. ಆಣೆ ಅಂದ್ರೆ ಬ್ಯಾರೆ. ಕೇಳ್ಕಂಡು ಬರ್ತೀನಿ ತಡಿ."

"ಮಾವ ಸಾಯೋವಾಗ ನಿಮ್ ಕೈ ಹಿಡ್ಕಂಡು ಹಾಲಿನ್ ಮಾತೇ ಆಡಿದ್ದು. ನೆನಪೈತಾ?"

"ಅದ್ಕೇ ಕೇಳ್ಕಂಡು ಬರ್ತೀನಿ ಅಂದಿದ್ದು."

ಅವನಿಗೆ ಬೇರೇನೂ ಬೇಕಿರಲಿಲ್ಲ ಎಂದು ನನಗೆ ಗೊತ್ತು. ತಮ್ಮ ಹೊತ್ತರೂ ಸೇವೆ ನಡೆಯುತ್ತಿತ್ತು. ಆದರೆ ಹಿರಿಮಗ ಬದುಕಿದ್ದೂ ಗಡಿಗೆ ಮುಟ್ಟದೆ ನಿಂತರೆ, ಅವನ ಕೈ ಶುದ್ಧವಿಲ್ಲ ಎಂದು ಹಟ್ಟಿ ತೀರ್ಮಾನಿಸಿದಂತೆ. ಆ ಕೈಯ ಬಗ್ಗೆಯೇ ಅವನಿಗೆ ಅಭಿಮಾನ.

ಮಾರನೆಯ ದಿನ ಅವನು ಪ್ರಭುಲಿಂಗರನ್ನು ಕೇಳಿದ.

"ನೂರಕ್ಕೆ ಎಂಬತ್ತು ಪಾಲು ಪೆಟ್ರೋಲಿಗೇ ಹೋಗುತ್ತೆ ಜುಂಜಣ್ಣ" ಎಂದರು ಅವರು. "ಉಳಿದಿದ್ದು ಅಲ್ಲಿ ಇಲ್ಲಿ. ಆಣೆ ಮಾಡಿಬಿಡು ಮಾರಾಯ, ಯಾರು ಬಂದು ನೋಡ್ತಾರೆ?"

"ಯಾರ ಮುಂದೆ ಮಾಡ್ತೀನೋ ಅವನು ನೋಡ್ತಾನಲ್ಲ ಸಾರ್."

ಪ್ರಭುಲಿಂಗ ತಲೆ ಕೆರೆದುಕೊಂಡು ರೋಜಾ ಮೇಡಂ ಹತ್ತಿರ ಕಳಿಸಿದರು. ಅವರು ಹೊಳಲ್ಕೆರೆಯಿಂದ ಬರುವ ಹುಡುಗಿ, ರಸಾಯನಶಾಸ್ತ್ರ ಓದಿದವರು. ಜುಂಜಯ್ಯನ ಕೆಲಸದ ಬಗ್ಗೆ ಗೌರವವಿದ್ದುದರಿಂದ ನಗದೆ ಕುಳ್ಳಿರಿಸಿ ಹೇಳಿದರು. ಕೈ ತೊಳೆಯುವ ದ್ರಾವಣಕ್ಕೆ, ಶಾಯಿಗೆ, ಅತ್ತರಿಗೆ ಹೋಗುತ್ತದೆ. ಒಂದು ಔಷಧಿ ಕಂಪನಿಗೂ ಹೋಗುತ್ತದೆ. ಅವರು ಅದರಲ್ಲಿ ಟಿಂಕ್ಚರ್, ಹನಿ ಔಷಧಿ, ಕೆಲವು ಕೆಮ್ಮಿನ ಸಿರಪ್ ಮಾಡುತ್ತಾರೆ.

"ಹಂಗಾರೆ ಬಾಯಿಗೆ ಹೋಗ್ತೈತೆ."

"ಚಮಚದಲ್ಲಿ ಹೋಗುತ್ತೆ ಜುಂಜಣ್ಣ. ಅಷ್ಟೇ ಯಾಕೆ, ಆಯುರ್ವೇದದ ಅರಿಷ್ಟಗಳಲ್ಲಿ ಯಾರೂ ಹಾಕದೇನೇ ಇರುತ್ತೆ. ದ್ರಾಕ್ಷಿ, ಬೆಲ್ಲ ಹುಳಿ ಬಂದು ತಾನೇ ಹುಟ್ಟುತ್ತೆ, ನಮ್ಮ ತೊಟ್ಟಿಯಲ್ಲಿ ಹುಟ್ಟೋ ಹಾಗೇನೇ. ಸೀಸೆ ಮೇಲೆ ಸಣ್ಣಕ್ಷರದಲ್ಲಿ ಬರೆದಿರ್ತಾರೆ."

ಜುಂಜಯ್ಯ ಅಲ್ಲಿಂದ ಎದ್ದು ಬಂದವನು ಮನೆಯಲ್ಲೂ ಮಾತಾಡಲಿಲ್ಲ. ಕಾರಣ ಇತ್ತು. ಹಟ್ಟಿಯಲ್ಲಿ ದ್ರಾಕ್ಷಾರಿಷ್ಟ ಕುಡಿಯುವವನು ಒಬ್ಬನೇ. ಹದಿನೈದು ವರ್ಷದಿಂದ ಊಟವಾದ ಮೇಲೆ ಎರಡು ಮುಚ್ಚಳ, ಬೇಲಿಯೊಳಗೇ, ಸ್ವಂತ ಜಗಲಿಯ ಮೇಲೇ ಕುಳಿತು ತೆಗೆದುಕೊಳ್ಳುತ್ತಿದ್ದವನು ಯಜಮಾನ ಕಾಟಲಿಂಗಪ್ಪ.

ಸೋಮವಾರ ಬೆಳಗ್ಗೆ ಗಂಗಕ್ಕ ನನ್ನನ್ನೂ ಕರೆದಿದ್ದಳು. ಚಳಿಗಾಲದ ಎಳೆ ಬಿಸಿಲು. ಗುಡಿಯ ಮುಂದೆ ಗಂಡಸರು ಕುಳಿತಿದ್ದರು, ನಾವು ಹೆಂಗಸರು ಪಕ್ಕದ ಬೇವಿನ ಮರದ ಬುಡದಲ್ಲಿ. ತೊಳೆದ ಗಡಿಗೆ ಹಾಲು ತುಂಬಿಕೊಂಡು ಬಾಗಿಲ ಬಳಿ ಕಾಯುತ್ತಿತ್ತು. ಜುಂಜಯ್ಯ ಒದ್ದೆ ಪಂಚೆಯಲ್ಲೇ ಬಂದು ಕೈಮುಗಿದು ನಿಂತ.

"ಆಣೆ ಮಾಡ್ತೀಯೇನಪ್ಪ?" ಎಂದು ಕಾಟಲಿಂಗಪ್ಪ ಕೇಳಿದ.

"ಇಲ್ಲ ದೊಡ್ಡಪ್ಪ. ಬಾಯಿಗೂ ಹೋಗ್ತೈತೆ."

ಜನರಲ್ಲಿ ಗುಜುಗುಜು ಎದ್ದಿತು.

"ಹೆಂಗೆ ಹೋಗ್ತೈತೆ? ಬಿಡಿಸಿ ಹೇಳು, ಎಲ್ರೂ ಕೇಳ್ಲಿ."

ಜುಂಜಯ್ಯ ಹೇಳಿದ. ಹೆಚ್ಚಿನ ಪಾಲು ಪೆಟ್ರೋಲಿಗೆ ಬೆರೆಯುತ್ತದೆ, ರಸ್ತೆಯ ಮೇಲಿರುವ ಬೈಕುಗಳೆಲ್ಲ ಅದನ್ನು ಉರಿಸುತ್ತಲೇ ಓಡುತ್ತಿವೆ ಎಂದ.

ತಮ್ಮ ಮಂಜಣ್ಣ ಬಾಯಿ ಹಾಕಿದ. "ಅಯ್ಯೋ ಹಂಗಾರೆ ನನ್ ಬೈಕು ಕುಡ್ಕ! ದಿನಾ ಬೇಲಿ ಒಳಗೇ ನಿಲ್ಲಿಸ್ತಿದ್ನಲ್ಲೋ!"

ಎಲ್ಲರೂ ನಕ್ಕರು. ಕಾಟಲಿಂಗಪ್ಪನೂ ಮೀಸೆಯಡಿ ನಕ್ಕು, "ಸುಮ್ಕಿರಲೇ" ಎಂದು ಗದರಿದ. ಜುಂಜಯ್ಯ ಮುಂದುವರಿಸಿದ. ಕೊರೊನಾದಲ್ಲಿ ಕೈಗೆ ಹಚ್ಚಿದ್ದು ಅದೇ. ಅದರಲ್ಲಿ ಬೇಕೆಂದೇ ನೀರು ಬೆರೆಸುತ್ತಾರೆ. ಬರೀ ಸ್ಪಿರಿಟ್ಟಿಗಿಂತ ನೀರು ಕೂಡಿದ್ದಕ್ಕೇ ಕ್ರಿಮಿ ಚೆನ್ನಾಗಿ ಸಾಯುತ್ತದೆ. ಕುರಿ ಉಣ್ಣೆ ಕತ್ತರಿಸುವಾಗ ಗಾಯವಾದರೆ ಹಚ್ಚುವ ಟಿಂಕ್ಚರಿನಲ್ಲಿ ಅದಿದೆ. ಮಕ್ಕಳಿಗೆ ಕುಡಿಸುವ ಕೆಲವು ಸಿರಪ್ಪಿನಲ್ಲಿ ಇದೆ. ಬಾಯಿಗೆ ಹೋಗುವುದು ಅಲ್ಲಿ. ಒಂದೊಂದನ್ನೂ ಹೇಳುವಾಗ ಅವನ ದನಿ ಗಟ್ಟಿಯಾಗುತ್ತ ಬಂತು. ತಪ್ಪೊಪ್ಪಿಕೊಳ್ಳುವವನ ದನಿಯಾಗಿರಲಿಲ್ಲ ಅದು. ತನ್ನ ಹೊಲದ ಬೆಳೆ ತೋರಿಸುವವನ ದನಿ.

"ಇಷ್ಟೇನಾ?" ಎಂದ ಯಜಮಾನ.

ಜುಂಜಯ್ಯ ಗುಡಿಯ ಕಡೆ ತಿರುಗಿದ.

"ಇನ್ನೊಂದೈತೆ ದೊಡ್ಡಪ್ಪ. ಗೊತ್ತಿಲ್ಲ ಅಂತ ಇಲ್ಲಿ ನಿಂತು ಸುಳ್ಳು ಹೇಳಾಕೆ ಬರಾಕಿಲ್ಲ. ಆದ್ರೆ ಅದನ್ನ ಹೇಳಾಕಿಲ್ಲ."

"ಯಾಕಪ್ಪ?"

"ನಂಗೆ ಗಡಿಗೆ ಬೇಕು. ಅದನ್ನ ಹೇಳಿ ತಗಂಡ್ರೆ ಕಿತ್ಕಂಡಂಗೆ ಆಗ್ತೈತೆ. ಹಂಗೆ ಬ್ಯಾಡ. ಮಂಜ ಎತ್ಲಿ."

ಅವನು ಪಕ್ಕಕ್ಕೆ ಸರಿದ. ಯಾರಿಗೂ ಏನೂ ಅರ್ಥವಾಗಲಿಲ್ಲ. ಮಂಜಣ್ಣ ಎದ್ದವನು ಅಲ್ಲೇ ನಿಂತ. ಆಗ ನಮ್ಮ ಗುಂಪಿನಿಂದ ಯಜಮಾನನ ಹೆಂಡತಿ ಚಿತ್ತಮ್ಮ ಮೊಣಕಾಲಿಗೆ ಕೈಯೂರಿ ಮೇಲೆದ್ದಳು.

"ಅವನು ಹೇಳ್ದಿದ್ರೆ ಬಿಡ್ಲಿ, ನಾನು ಹೇಳ್ತೀನಿ. ಹದಿನೈದು ವರ್ಷದಿಂದ ಮುಚ್ಚಳ ಅಳೆದು ಕೊಡೋಳು ನಾನು. ಮೂಗಿಲ್ವಾ ನಂಗೆ?"

"ಏನೇ ಅದು?" ಎಂದ ಕಾಟಲಿಂಗಪ್ಪ.

"ನಿಮ್ ಸೀಸೆ ಕಣ್ರೀ! ದ್ರಾಕ್ಷಿ ಸೀಸೆ!"

ಅವಳು ಮನೆಗೆ ಹೋಗಿ ಸೀಸೆ ತಂದು ಮಂಜಣ್ಣನ ಕೈಗೆ ಕೊಟ್ಟು ಓದು ಎಂದಳು. ಮಂಜಣ್ಣ ಅಣ್ಣನ ಮುಖ ನೋಡಿದ, ಯಜಮಾನನ ಮುಖ ನೋಡಿದ. "ಅಕ್ಷರ ಭಾಳ ಸಣ್ಣಕವೆ ದೊಡ್ಡವ್ವ" ಎಂದು ತಪ್ಪಿಸಿಕೊಳ್ಳಲು ನೋಡಿದ. ಚಿತ್ತಮ್ಮ ಬಿಡಲಿಲ್ಲ. ಕೊನೆಗೆ ಅವನು ಸೀಸೆಯನ್ನು ಬಿಸಿಲಿಗೆ ಹಿಡಿದು ಓದಿದ: ತಾನಾಗಿ ಹುಟ್ಟಿದ ಆಲ್ಕೋಹಾಲ್, ನೂರಕ್ಕೆ ಐದರಿಂದ ಹತ್ತು.

ಯಾರೂ ನಗಲಿಲ್ಲ. ಮುದುಕ ಸೀಸೆಯನ್ನು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಅವನಿಗೆ ಓದಲು ಬಾರದು.

"ಹೌದೇನೋ ಜುಂಜ?"

"ಹೌದು ದೊಡ್ಡಪ್ಪ. ಆದ್ರೆ ಅದು ಔಷಧಿ. ಯಾರೂ ಸುರಿದಿದ್ದಲ್ಲ, ಬೆಲ್ಲ ದ್ರಾಕ್ಷಿ ಹುಳಿ ಬಂದು ಹುಟ್ಟಿದ್ದು. ನೀವು ನೇಮ ಕೆಡಿಸಿಲ್ಲ."

"ನಿಂಗೆ ಯಾವಾಗ ಗೊತ್ತಾತು?"

"ಮಂಗಳವಾರ."

"ಮಂಗಳವಾರದಿಂದ ಬಾಯಿ ಕಟ್ಕಂಡಿದ್ದೆ. ಒಂದು ಮಾತು ಅಂದಿದ್ರೆ ಗಡಿಗೆ ನಿಂದಾಗಿರಾದು."

ಕಾಟಲಿಂಗಪ್ಪ ಎದ್ದು ರುಮಾಲು ಬಿಚ್ಚಿ, ಗುಡಿಯ ಬಾಗಿಲಿಗೆ ಅಡ್ಡಬಿದ್ದ. ಎಂಬತ್ತರ ಮೈ ಏಳಲು ಹೊತ್ತು ಹಿಡಿಯಿತು. ಯಾರಾದರೂ ಕೈಹಿಡಿಯಲು ಹೋದರೆ ಬೇಡವೆಂದ. ಎದ್ದವನು ಹಟ್ಟಿಯವರ ಕಡೆ ತಿರುಗಿದ.

"ನಾನು ಕೇಳಿದ ಆಣೆನೇ ಸರಿಯಿರ್ಲಿಲ್ಲ. ಬಾಯಿಗೆ ಹೋಗಾದೆಲ್ಲ ಕುಡಿತ ಅಲ್ಲ. ಮತ್ತಿನಾಸೆಗೆ ಬಾಯಿಗೆ ಹಾಕ್ಕಂಡ್ರೆ ಕುಡಿತ. ಈ ಹಟ್ಟಿಗೆ ಇರಾದು ಆ ಕಟ್ಟು. ಅದನ್ನ ಈ ಜುಂಜ ನಮ್ಮೆಲ್ಲರಿಗಿಂತ ಚೆನ್ನಾಗಿ ಕಾಯ್ದವನೆ. ಸಮುದ್ರದ ನಡುವೆ ನಿಂತು ಕಾಲು ಒದ್ದೆ ಮಾಡ್ಕಂಡಿಲ್ಲ. ಕೆಲಸದಿಂದ ಬಂದೋನು ಬೇಲಿ ಆಚೆ ತಲೆಗೆ ನೀರು ಹಾಕ್ಕಂಡು ಒಳಗೆ ಬರ್ಲಿ. ಅಷ್ಟು ಸಾಕು. ಯಾರಾದ್ರೂ ಬ್ಯಾಡ ಅನ್ನೋರು ಇದ್ರೆ ಈಗ್ಲೇ ಅನ್ರಿ."

ಯಾರೂ ಅನ್ನಲಿಲ್ಲ. ಚಿತ್ತಮ್ಮ ಮಾತ್ರ, "ಮುಚ್ಚಳಾನೂ ಬೇಲಿ ಆಚೆ ಹೋಗಿ ಕುಡೀರಿ ಮತ್ತೆ!" ಎಂದಳು. ಆಗ ಇಡೀ ಹಟ್ಟಿ ನಕ್ಕಿತು, ಮುದುಕನೂ ನಕ್ಕ.

"ಎತ್ತಪ್ಪ" ಎಂದ ಅವನು. "ಹಾಲಿಗೆ ಬಿಸಿಲು ಬಿತ್ತು."

ಜುಂಜಯ್ಯ ಬಗ್ಗಿ ಗಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹೆಗಲಿಗೇರಿಸಿದ. ಕಂಬದ ಗಾಜಿನ ಕಿಂಡಿಯೊಳಗೆ ಬೀಳುವ ಸ್ಪಿರಿಟ್ಟನ್ನು ಕಾಯುವಷ್ಟೇ ಎಚ್ಚರ ಆ ಕೈಗಳಲ್ಲಿ ಕಂಡಿತು. ಕಾಟಲಿಂಗಪ್ಪ ತಾನೇ ಮುಂದೆ ನಡೆದು, ದಾರಿಯಲ್ಲಿದ್ದ ಒಂದು ಮುಳ್ಳಿನ ಕಡ್ಡಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ. ಜುಂಜಯ್ಯ ಹೊಸ್ತಿಲು ದಾಟುವಾಗ ನಾನು ಕಣ್ಣು ಮುಚ್ಚಿ ಕೈಮುಗಿದೆ. ಕಣ್ಣು ತೆರೆದಾಗ ಗಂಗಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, ಪಕ್ಕದವಳಿಗೆ ದೊಡ್ಡ ದನಿಯಲ್ಲಿ ಹೇಳುತ್ತಿದ್ದಳು:

"ನಮ್ಮನೆಯೋರು ಕಣೇ. ಸ್ಪಿರಿಟ್ ಕಂಪ್ನಿ ಆಪರೇಟ್ರು."